ಒಡೆಯನನ್ನು ಹೆದರಿಸಿದ ರಿವಾಲ್ವರ್

ಬೇಟೆಗೆ ತಡೆಯಿಲ್ಲದ ಕಾಲ. ಮಡಿಕೇರಿಯ ಬಂದೂಕಿನಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಎರಡು ರಿವಾಲ್ವರುಗಳಿದ್ದವು, ಒಂದು ದೊಡ್ಡದು, ಒಂದು ಅದಕ್ಕಿಂತ ಸಣ್ಣದು. ಎರಡರಲ್ಲೂ ಪ್ರತಿ ಗುಂಡಿಗೂ ಮೊದಲು ಹೆಬ್ಬೆರಳಿನಿಂದ ಕುದುರೆಯನ್ನು, ಎಂದರೆ ಗುಂಡಿಗೆ ಬಡಿಯುವ ಸುತ್ತಿಗೆಯನ್ನು, ಹಿಂದಕ್ಕೆ ಎಳೆಯಲೇಬೇಕು.

ಉತ್ತಯ್ಯ ಬಂದು ಅಂಗಡಿಯವನಿಗೆ ಹೇಳಿದ: "ಕೈಲ್ ಮುಹೂರ್ತ ಹಬ್ಬದ ಪಂದ್ಯದಲ್ಲಿ ತೆಂಗಿನಕಾಯಿಗೆ ಹೊಡೆಯಬೇಕು. ಬೇಟೆಯಲ್ಲಿ ಹಂದಿ ಮೈಮೇಲೆ ಬಿದ್ದರೆ ನನ್ನ ಜೀವ ಉಳಿಯಬೇಕು. ಎರಡಕ್ಕೂ ಒಂದೇ ಕೊಡಿ."

"ಇನ್ನು ನೋಡುವುದೇನಿದೆ?" ಎಂದಿತು ದೊಡ್ಡದು. "ತಮ್ಮಾ, ನಿನ್ನ ಗುಂಡು ತಾಗಿದರೆ ಹಂದಿ ಮೈ ತುರಿಸಿಕೊಂಡು ಹೋದೀತು."

"ಎದೆಗೆ ತಾಗಿದರೆ ನನ್ನ ಗುಂಡಿಗೂ ಹಂದಿ ಬೀಳುತ್ತದೆ, ಅಣ್ಣ. ತಾಗಬೇಕಲ್ಲ, ಅದೇ ಚಿಂತೆ," ಎಂದಿತು ಸಣ್ಣದು.

ಹಿತ್ತಲಿನ ಮಣ್ಣಿನ ದಿಬ್ಬದೆದುರು ಒಂದು ತೆಂಗಿನಕಾಯಿ ನೇತುಹಾಕಿದರು. ದೊಡ್ಡದು ಗುಡುಗಿತು. ಉತ್ತಯ್ಯನ ಮಣಿಕಟ್ಟು ಮೇಲಕ್ಕೆ ಹಾರಿತು, ಕಾಯಿ ಅಲುಗಲಿಲ್ಲ. ಅವನು ಮತ್ತೆ ಕುದುರೆ ಎಳೆದ. ಅದು ಕಟಕ್ಕೆಂದ ಕೂಡಲೇ ಅವನ ಕಣ್ಣು ತಾನಾಗಿಯೇ ಮುಚ್ಚಿತು. ಆ ಗುಂಡೂ ಮಣ್ಣು ಸೇರಿತು.

ಸಣ್ಣದರ ಮೊದಲ ಗುಂಡು ಕಾಯಿಯ ಪಕ್ಕದಲ್ಲೇ ಹೋಯಿತು. ಉತ್ತಯ್ಯ ಕಣ್ಣು ಬಿಟ್ಟುಕೊಂಡೇ ಎರಡನೆಯದನ್ನು ಹೊಡೆದ. ಕಾಯಿ ಒಡೆದು ನೀರು ಸುರಿಯಿತು. ಅವನು ಸಣ್ಣದನ್ನೇ ಸೊಂಟಕ್ಕೆ ಸಿಕ್ಕಿಸಿಕೊಂಡ.

"ಅನ್ಯಾಯ!" ಎಂದು ಪೆಟ್ಟಿಗೆಯೊಳಗಿಂದ ದೊಡ್ಡದು ಕೂಗಿತು. "ಅವನು ಕಣ್ಣು ಮುಚ್ಚಿಕೊಂಡರೆ ನಾನೇನು ಮಾಡಲಿ?"

"ಮುಚ್ಚಿಸಿದ್ದು ನೀನೇ, ಅಣ್ಣ," ಎಂದಿತು ಸಣ್ಣದು. "ಹಂದಿ ಹೆದರುವ ಮೊದಲೇ ಒಡೆಯ ನಿನಗೆ ಹೆದರಿಬಿಟ್ಟ."