ನಾಲ್ಕನೇ ಗಿಳಿ

ಹೊಳೆದಂಡೆಯ ಆಶ್ರಮದ ಬಾಗಿಲು ಮೂರು ವರ್ಷದಿಂದ ಕಿರ್ ಅನ್ನುತ್ತಿತ್ತು. ಒಳಗೇ ಒಬ್ಬ ಬಡಗಿ ಇದ್ದ. ಆದರೂ ಕಿರ್ ಅನ್ನುತ್ತಿತ್ತು.

ಬಡಗಿಯ ಹೆಸರು ಮೌನೇಶ. ವಯಸ್ಸು ನಲವತ್ತರ ಹತ್ತಿರ. ಊರಲ್ಲಿದ್ದಾಗ ಅವನು ಕೂರಿಸಿದ ಬಾಗಿಲಿಗೆ ಎರಡನೇ ಸಲ ಉಳಿ ತಾಗಿಸುವ ಪ್ರಸಂಗವೇ ಬರುತ್ತಿರಲಿಲ್ಲವಂತೆ. ಆಶ್ರಮಕ್ಕೆ ಬಂದ ಮೇಲೆ ನೀರು ಹೊತ್ತ, ಸೌದೆ ಒಡೆದ, ಸಗಣಿ ಬಾಚಿದ. ಉಳಿಯನ್ನು ಮಾತ್ರ ಮುಟ್ಟಲಿಲ್ಲ.

ಯಾಕೆ ಅಂತ ಗುರು ಅಡಿವಯ್ಯನವರು ಕೇಳಲೂ ಇಲ್ಲ. ಒಂದು ಮಾತು ಕೇಳುವುದಕ್ಕೆ ಮೂರು ವರ್ಷ ಕಾಯುವ ಆಸಾಮಿ ಅವರು. ನನ್ನಂಥವನಾಗಿದ್ದರೆ ಮೂರನೇ ದಿನಕ್ಕೇ ಹೊಟ್ಟೆ ಉಬ್ಬರಿಸುತ್ತಿತ್ತು.

ಒಂದು ಬೆಳಿಗ್ಗೆ ಅವರೇ ಕರೆದರು.

"ಮೌನೇಶಾ, ನೆಲಕ್ಕ ಕುಂತರ ಸೊಂಟ ಹಿಡೀಲಿಕತ್ತದ. ನನಗ ಕೂಡಲಿಕ್ಕ ಒಂದು ಮಣಿ ಮಾಡಿಕೊಡು."

"ಉಳಿ ಬಿಟ್ಟೀನ್ರೀ ಅಜ್ಜಾರ."

"ಯಾಕ?"

"ನನ್ನ ಕೈ ಛಲೋ ಅಲ್ರೀ."

"ಹಂಗಾರ ಅಟ್ಟದ ಮ್ಯಾಲೆ ಕಂಬಳ್ಯಾಗ ಏನೋ ಸುತ್ತಿಟ್ಟೀಯಲ್ಲ, ಅದರಾಗಿನ ಒಂದು ಹಲಿಗಿ ಕೊಡು. ಅದರ ಮ್ಯಾಲೇ ಕೂಡತೀನಿ."

ಮೌನೇಶ ಅಟ್ಟದ ಏಣಿಗೆ ಅಡ್ಡ ಬಂದು ನಿಂತ.

"ಅದು ತೊಟ್ಟಿಲ್ರೀ."

"ಯಾರದು?"

ಆಗ ಹೇಳಿದ. ಅಪ್ಪ ಅವ್ವ ಬೇಗ ಹೋಗಿದ್ದರು. ತಂಗಿ ಕಾಳಮ್ಮನನ್ನು ಇವನೇ ಸಾಕಿದ್ದ. ಇವನೇ ಹೊಳೆಯಾಚೆಯ ಊರಿಗೆ ಮದುವೆ ಮಾಡಿಕೊಟ್ಟಿದ್ದ. ಎಂಟು ವರ್ಷ ಆಕೆಗೆ ಮಕ್ಕಳಾಗಲಿಲ್ಲ. ಒಂಬತ್ತನೇ ವರ್ಷ ಬಸಿರಾದಳು.

ಆ ಕಡೆಯ ಪದ್ಧತಿಯಲ್ಲಿ ಚೊಚ್ಚಲ ಕೂಸಿನ ತೊಟ್ಟಿಲು ತವರಿನಿಂದ ಬರಬೇಕು. ಆದರೆ ಕೂಸು ಹುಟ್ಟುವ ಮೊದಲು ಏನನ್ನೂ ತಯಾರು ಮಾಡುವ ಹಾಗಿಲ್ಲ. ಕೂಸಿನ ತಲೆಗೆ ಕುಂಚಿಗೆ ಹೊಲಿಯಬಾರದು, ಹೆಸರು ಆಡಬಾರದು, ತೊಟ್ಟಿಲಿಗೆ ಅಂತ ಒಂದು ಹಲಗೆಯನ್ನೂ ಮುಟ್ಟಬಾರದು.

"ಹುಟ್ಟಿದ ಮ್ಯಾಲೆ ತೊಟ್ಟಿಲಿಗೆ ಹಾಕೂತನಕ ಬರೇ ಹನ್ನೆರಡು ದಿನ ಸಿಗತಾವ್ರೀ," ಅಂದ ಮೌನೇಶ. "ಹನ್ನೆರಡು ದಿನದಾಗ ತೊಟ್ಟಿಲು ಆಗತದ, ಗಿಳಿ ಆಗೂದಿಲ್ಲ. ನಾಲ್ಕು ಮೂಲಿಗೆ ನಾಲ್ಕು ಗಿಳಿ ಕೆತ್ತಿ ಕೂಡಿಸಬೇಕಂತ ನನ್ನ ಆಸೆ. ತಡೀಲಿಕ್ಕಾಗಲಿಲ್ರೀ. ಆಕಿಗೆ ಆರು ತಿಂಗಳಿದ್ದಾಗ ಬಾಗಲಾ ಹಾಕ್ಕೊಂಡು ಕೆತ್ತಿದೆ."

"ಆಮ್ಯಾಲೆ?"

"ಎಂಟನೇ ತಿಂಗಳದಾಗ ಕೂಸು ಹೊಟ್ಟ್ಯಾಗೇ ಹೋತು."

ಸುದ್ದಿ ಬಂದ ದಿನವೇ ಪಕ್ಕದ ಮನೆಯ ಮುದುಕಿ ತೊಟ್ಟಿಲನ್ನು ನೋಡಿಬಿಟ್ಟಳು. 'ಅಯ್ಯ, ನಿನ್ನ ಕೈ ಸುಡಲಿ! ಬರೂ ಕೂಸನ್ನ ನೀನೇ ನುಂಗಿದೆಲ್ಲೋ' ಅಂದಳು. ಆ ಮಾತು ಮುದುಕಿಗೆ ಸಂಜೆಗೆಲ್ಲ ಮರೆತೇ ಹೋಗಿರಬೇಕು. ಇವನು ಮೂರು ವರ್ಷ ಹೊತ್ತು ತಿರುಗಿದ.

"ಸುಟ್ಟುಬಿಡಬೇಕಂತ ಒಂದು ಗಿಳಿ ಕಿತ್ತು ಒಲಿಗೆ ಹಾಕಿದೆ. ಅದು ಉರಿಯೂದು ನೋಡಲಿಕ್ಕಾಗಲಿಲ್ಲ. ಮನ್ಯಾಗ ಇಟ್ಟುಕೊಳ್ಳಲಿಕ್ಕೂ ಆಗಲಿಲ್ಲ. ಕಟ್ಟಿಕೊಂಡು ಇಲ್ಲಿಗೆ ಬಂದೆ."

"ತಂದು ತೂಗುಹಾಕು," ಅಂದರು ಅಡಿವಯ್ಯನವರು.

"ಅಜ್ಜಾರ..."

"ತೂಗುಹಾಕಂದೆ."

ಅಟ್ಟದಿಂದ ಇಳಿಸಿದ. ಹಲಗೆಗಳನ್ನು ಜೋಡಿಸಿದ. ಚಪ್ಪರದ ತೊಲೆಗೆ ಹಗ್ಗ ಬಿಗಿದು ತೂಗುಹಾಕಿದ. ಸಾಗವಾನಿ ತೊಟ್ಟಿಲು, ಕೂಸಿನ ಚರ್ಮಕ್ಕೆ ಒಂದು ಸಿಬುರೂ ತಾಗದ ಹಾಗೆ ಉಜ್ಜಿದ್ದ. ಮೂರು ಮೂಲೆಗೆ ಮೂರು ಗಿಳಿ. ನಾಲ್ಕನೇ ಮೂಲೆಯಲ್ಲಿ ಗಿಳಿಯ ಗೂಟ ಕಿತ್ತ ತೂತು ಹಾಗೇ ಉಳಿದಿತ್ತು.

ಗುರುಗಳು ಕೈ ಚಾಚಿ ತೊಟ್ಟಿಲನ್ನು ತೂಗಿದರು.

ಮೌನೇಶ ಹಾರಿ ಬಂದು ಹಗ್ಗ ಹಿಡಿದ. "ಬ್ಯಾಡ್ರೀ! ಖಾಲಿ ತೊಟ್ಟಿಲು ತೂಗಬಾರದು. ಕೂಸಿಗೆ ಹೊಟ್ಟಿ ನೋಯತದ."

"ಯಾವ ಕೂಸಿಗೆ?"

ಮೌನೇಶ ಹಗ್ಗ ಹಿಡಿದೇ ನಿಂತ. ಆಮೇಲೆ ಹೋ ಎಂದು ಅತ್ತ. ಮೂರು ವರ್ಷದಲ್ಲಿ ಅವನು ಅತ್ತದ್ದನ್ನು ಯಾರೂ ಕಂಡಿರಲಿಲ್ಲ. ಗುರುಗಳು ಸಮಾಧಾನ ಮಾಡಲಿಕ್ಕೆ ಹೋಗಲಿಲ್ಲ, ಪಕ್ಕದಲ್ಲಿ ಕೂತರು.

ಅಳು ನಿಂತ ಮೇಲೆ ಕೇಳಿದ. "ಪಾಪ ನಂದೇ ಅಲ್ರೀ ಅಜ್ಜಾರ?"

"ನನಗೇನು ಗೊತ್ತೋ. ನಿನ್ನ ತಂಗಿ ಏನಂದಳು?"

"ಏನೂ ಅಂದಿಲ್ರೀ."

"ಏನೂ ಅನ್ನಲಿಲ್ಲ?"

"ನಾ ಆಕಿ ಕಡೆ ಹೋಗೇ ಇಲ್ರೀ."

ಅಡಿವಯ್ಯನವರ ದನಿ ಏರಿದ್ದನ್ನು ಮೌನೇಶ ಅವತ್ತೇ ಕೇಳಿದ್ದು. "ಕೂಸನ್ನ ಮಣ್ಣಿಗಿಟ್ಟ ದಿನಾನೂ ಹೋಗಲಿಲ್ಲೇನು?"

"ಯಾವ ಮಕ ಹೊತ್ತು ಹೋಗಲ್ರೀ?"

"ಇರೂದೊಂದೇ ಮಕ. ಅದನ್ನೇ ಹೊತ್ತು ಹೋಗು. ಏಳು, ದೋಣಿ ಹೋಗೂದ್ರೊಳಗ."

ಮೌನೇಶ ಹೆಗಲಿಗೆ ವಸ್ತ್ರ ಹಾಕಿಕೊಂಡು ಎದ್ದ. ತೊಟ್ಟಿಲ ಕಡೆ ಒಮ್ಮೆ ನೋಡಿದ. ಆಕೆಯ ಮುಂದೆ ಇದನ್ನು ಒಯ್ದು ಇಡುವುದುಂಟೇ, ಆರಿದ ಗಾಯ ಕೆದರಿದ ಹಾಗಲ್ಲವೇ ಅನ್ನಿಸಿತು. ಅದನ್ನು ಅಲ್ಲೇ ಬಿಟ್ಟು ಬರಿಗೈಯಲ್ಲಿ ಹೋದ.

ಮರುದಿನ ಮಧ್ಯಾಹ್ನ ಬಾಗಿಲು ಕಿರ್ ಅಂದಿತು. ಕಾಲು ಕೂಡ ತೊಳೆಯದೆ ಬಂದು ಗುರುಗಳ ಮುಂದೆ ಕುಸಿದು ಕೂತ.

"ಸಿಕ್ಕಳೇನು?"

"ಸಿಕ್ಕಳ್ರೀ. ಕಟ್ಟಿ ಮ್ಯಾಲೆ ಕುಂತು ಜ್ವಾಳಾ ಹಸನ ಮಾಡಲಿಕತ್ತಿದ್ಳು. ನನ್ನ ನೋಡಿ ಮೊರ ಕೆಳಗಿಟ್ಟಳು. 'ಸಿಟ್ಟು ಇಳೀತೇನಣ್ಣಾ?' ಅಂದಳು."

"ಯಾರ ಸಿಟ್ಟು?"

"ನಂದ್ರೀ! ಎಂಟು ವರ್ಷದ ಮ್ಯಾಲೆ ಸಿಕ್ಕ ಕೂಸನ್ನ ಉಳಿಸಿಕೊಳ್ಳಲಿಲ್ಲಂತ ಅಣ್ಣ ಸಿಟ್ಟಾಗ್ಯಾನ, ಅದಕ್ಕೇ ಈ ಕಡೆ ಹಾಯೂದಿಲ್ಲ ಅಂತ ತಿಳಕೊಂಡಿದ್ಳಂತ. ಮೂರು ವರ್ಷ, ಅಜ್ಜಾರ. ದೋಣಿ ಬಂದಾಗೊಮ್ಮೆ ದಂಡೀಗೆ ಬಂದು ನಿಲ್ಲತಿದ್ಳಂತ."

ಗುರುಗಳು ಹೊಳೆಯ ಕಡೆ ನೋಡಿದರು.

"ಆಕಿ ಕಾಲು ಹಿಡಿದು ತೊಟ್ಟಿಲಿಂದು ಹೇಳಿಬಿಟ್ಟೆ. ಮೊದಲೇ ಮಾಡಿ ತಪ್ಪು ಮಾಡಿದೆ ತಾಯಿ ಅಂದೆ. ಬೈತಾಳ, ಹೊರಗ ಹಾಕತಾಳ ಅಂತ ತಯಾರಾಗೇ ಹೋಗಿದ್ದೆ."

"ಬೈದಳೇನು?"

"ಇಲ್ರೀ. 'ನನ್ನ ಕೂಸಿಗೆ ತೊಟ್ಟಿಲಿತ್ತಾ?' ಅಂದಳು."

ಗುರುಗಳು ನೀರಿನ ತಂಬಿಗೆ ಸರಿಸಿದರು. ಅವನು ಮುಟ್ಟಲಿಲ್ಲ.

"'ಒಂದು ಕುಂಚಿಗಿ ಇರಲಿಲ್ಲಣ್ಣಾ, ಒಂದು ಹೆಸರಿರಲಿಲ್ಲ. ನನ್ನ ಹಳೀ ಸೀರಿ ಹರಿದು ಅದರಾಗ ಸುತ್ತಿ ಒಯ್ದರು. ನನ್ನ ಕೂಸಿಂದು ಅಂತ ಈ ಭೂಮಿ ಮ್ಯಾಲೆ ಒಂದು ಸಾಮಾನೂ ಇಲ್ಲ ಅಂತ ದಿನಾ ಅಳತಿದ್ದೆ. ತೊಟ್ಟಿಲಿತ್ತಾ? ಗಿಳಿ ಇದ್ದವಾ? ಎಲ್ಲಿ ಅದ, ತಂದೀಯೇನು?' ಅಂದು ನನ್ನ ಬೆನ್ನ ಹಿಂದ ನೋಡಿದಳ್ರೀ."

"ನೀ ಏನಂದಿ?"

"ಏನನ್ಲಿ? ಬರಿಗೈಲೆ ನಿಂತಿದ್ದೆ. ನಾಳೆ ತರತೀನಿ ಅಂದೆ. ನಾಲ್ಕೂ ಗಿಳಿ ಅದಾವಂತ ಸುಳ್ಳು ಹೇಳಿದೆ. ಆ ಕೂಸಿಗೆ ಇದ್ದದ್ದು ಅದೊಂದು, ಅಜ್ಜಾರ. ಅದನ್ನ ತಾಯಿಗೆ ಕೊಡದ ಅಟ್ಟದ ಮ್ಯಾಲೆ ಬಚ್ಚಿಟ್ಟೆ. ಒಂದು ಗಿಳಿ ಒಲಿಗೂ ಹಾಕಿದೆ. ಎಂಥಾ ಅಣ್ಣರೀ ನಾ."

ಅವನು ಎಂಥ ಅಣ್ಣ ಅಂತ ಅಡಿವಯ್ಯನವರೂ ಹೇಳಲಿಲ್ಲ.

ಮೌನೇಶ ಎದ್ದ. ತನ್ನ ಗಂಟಿನ ತಳದಿಂದ ಉಳಿ ತೆಗೆದ. ತುಕ್ಕು ಹಿಡಿದಿತ್ತು. ಹೊಳೆಯ ಮೆಟ್ಟಿಲ ಕಲ್ಲಿಗೆ ನೀರು ಹಾಕಿ ಮಸೆಯತೊಡಗಿದ.

"ಏನು ಮಾಡಲಿಕತ್ತಿ?" ಗುರುಗಳು ಅಲ್ಲಿಂದಲೇ ಕೇಳಿದರು.

"ಗಿಳಿ ಕೆತ್ತತೀನ್ರೀ. ಎಂಟು ದಿನ ಸಾಕು. ಎಲ್ಲಾ ಪೂರಾ ಮಾಡಿಕೊಂಡೇ ಒಯ್ತೀನಿ."

"ನಾಳೆ ಅಂತ ಹೇಳಿ ಬಂದೀಯಲ್ಲೋ?"

"ಹೌದ್ರೀ. ಆದರ ಕೂಸಿನ ಸಾಮಾನು, ಊನ ಇದ್ದದ್ದು ಹ್ಯಾಂಗ ಕೊಡಲಿ? ಆ ತೂತು ನೋಡಿದರ ಆಕಿ ಕೇಳತಾಳ. ನಾ ಸುಟ್ಟೆ ಅಂತ ಹ್ಯಾಂಗ ಹೇಳಲಿ? ಇಷ್ಟು ದಿನ ತಡದಾಳ, ಇನ್ನ ಎಂಟು ದಿನ ತಡದಾಳು."

ನೋಡಿ, ಅಷ್ಟು ಅತ್ತು ಬಂದವನು ಇದೇ ಬಾಯಲ್ಲಿ ಈ ಮಾತಾಡಿದ. ನಾನಾಗಿದ್ದರೆ ಒಂದು ಬಾರಿಸುತ್ತಿದ್ದೆ.

ಗುರುಗಳು ಸೊಂಟ ಹಿಡಿದುಕೊಂಡು ಎದ್ದರು. ತೊಲೆಯ ಹಗ್ಗ ತಾವೇ ಬಿಚ್ಚಿ ತೊಟ್ಟಿಲನ್ನು ಕೆಳಗಿಳಿಸಿದರು. ಮೆಟ್ಟಿಲಿಗೆ ಬಂದು ಅವನ ಕೈಯಿಂದ ಉಳಿ ತೆಗೆದುಕೊಂಡರು. ಸೌದೆಯ ರಾಶಿಯಿಂದ ಸಾಗವಾನಿಯ ಒಂದು ತುಂಡು ಆರಿಸಿದರು. ಉಳಿ, ತುಂಡು ಎರಡನ್ನೂ ತೊಟ್ಟಿಲೊಳಗೆ ಇಟ್ಟರು.

ಹೊಳೆಯಲ್ಲಿ ದೋಣಿಯವನು ಕೂಗು ಹಾಕುತ್ತಿದ್ದ.

ಅಡಿವಯ್ಯನವರು ತೊಟ್ಟಿಲಿನ ಒಂದು ತುದಿ ಎತ್ತಿ ಹಿಡಿದರು.

"ಆ ಕಡೆ ನೀ ಹಿಡಿ," ಅಂದರು. "ನಾಲ್ಕನೇ ಗಿಳಿ ಆಕಿ ಕಟ್ಟಿ ಮ್ಯಾಲೆ ಕುಂತು ಕೆತ್ತು. ಆಕಿ ನೋಡಲಿ."