ನಯಾರ್ ನದಿಗೆ ಮೂತಿ ತಿರುವಿದ ಹೊಂಬಾಲಿ

ಮಕ್ಕಳೇ, ಹಿಮಾಲಯದ ಬೆಟ್ಟಗಳನ್ನು ಧುಮುಕಿ ಧುಮುಕಿ ಇಳಿದು ಬರುವ ಗಂಗಾ ನದಿ ಹೃಷಿಕೇಶದ ಹತ್ತಿರ ಬಂದಾಗ ತುಸು ಮೈಚಾಚಿ ಹರಿಯುತ್ತದೆ. ಮುಂದೆ ಹರಿದ್ವಾರ ದಾಟಿದರೆ ಬರೀ ಬಯಲು. ಕಾಶಿ, ಪಾಟ್ನಾ ಎಂದು ಊರೂರು ನೋಡಿಕೊಂಡು ಕೊನೆಗೆ ಸಮುದ್ರ ಸೇರುತ್ತದೆ.

ಹೃಷಿಕೇಶಕ್ಕಿಂತ ಸ್ವಲ್ಪ ಮೇಲೆ, ಎರಡು ಹೆಬ್ಬಂಡೆಗಳ ನಡುವಿನ ಮಡುವಿನಲ್ಲಿ ಮಹಶೀರ್ ಮೀನುಗಳ ಬಳಗವೊಂದಿತ್ತು. ಅವುಗಳಲ್ಲಿ ಹೊಂಬಾಲಿ ಎಂಬ ಹೆಣ್ಣುಮೀನಿಗೆ ಬಂಗಾರದ ಬಣ್ಣದ ಬಾಲ, ಅಗಲವಾದ ಹೊಳೆಯುವ ಹುರುಪೆ. ಅದರ ಜೊತೆಗೆ ಒಂದು ಜಂಬವೂ ಇತ್ತು. ಏನೇ ಇದ್ದರೂ ಅದಕ್ಕೆ ದೊಡ್ಡದೇ ಬೇಕು. ದೊಡ್ಡ ಬಂಡೆಯ ನೆರಳು, ದೊಡ್ಡ ಸುಳಿ, ದೊಡ್ಡ ಹುಳು. ಚಿಕ್ಕದನ್ನು ಕಂಡರೆ ಮೂತಿ ತಿರುವುತ್ತಿತ್ತು.

ಮಳೆಗಾಲ ಬಂತು. ಮೊಟ್ಟೆಯಿಡುವ ಸಮಯ. ಹೊಂಬಾಲಿಗೆ ಇದು ಮೊದಲ ಸಲ. ಬಳಗದ ಹಿರಿಯಳು ಮೀಸೆ ಚಿಕ್ಕಮ್ಮ ಎಲ್ಲರನ್ನೂ ಕರೆದುಕೊಂಡು ಪ್ರವಾಹಕ್ಕೆ ಎದುರಾಗಿ ಹೊರಟಳು. ಮಹಶೀರ್‌ಗಳ ಬಾಯಿಯ ಪಕ್ಕ ಮೀಸೆ ಇರುತ್ತದಲ್ಲ, ಅವಳದು ಎಲ್ಲರಿಗಿಂತ ಉದ್ದ. ಹಾಗಾಗಿ ಆ ಹೆಸರು.

ಈಜಿ ಈಜಿ ವ್ಯಾಸಘಾಟ್ ಎಂಬಲ್ಲಿಗೆ ಬಂದರು. ಅಲ್ಲಿ ಬಲಗಡೆಯಿಂದ ಒಂದು ಪುಟ್ಟ ನದಿ ಬಂದು ಗಂಗೆಯನ್ನು ಸೇರುತ್ತಿತ್ತು. ಕೆಂಪು ಮಣ್ಣಿನ ಬಣ್ಣ, ಕೊಳೆತ ಎಲೆಯ ವಾಸನೆ.

"ಇದೇ ನಯಾರ್. ಎಲ್ಲರೂ ಇತ್ತ ತಿರುಗಿ," ಎಂದಳು ಚಿಕ್ಕಮ್ಮ.

ಹೊಂಬಾಲಿ ನಿಂತೇಬಿಟ್ಟಿತು. "ಅಯ್ಯೋ, ಈ ಚರಂಡಿಗಾ? ಗಂಗೆಯಲ್ಲಿ ಬೆಳೆದ ನಾನು ಇದರೊಳಗೆ ಮೊಟ್ಟೆಯಿಡಬೇಕಾ? ಇನ್ನೂ ಮೇಲೆ ಹೋದರೆ ದೇವಪ್ರಯಾಗ ಸಿಗುತ್ತದಂತೆ. ಎರಡು ಮಹಾನದಿಗಳು ಅಲ್ಲಿ ಕೂಡುತ್ತವಂತೆ. ನನ್ನ ಮಕ್ಕಳು ಅಲ್ಲೇ ಹುಟ್ಟಲಿ!"

"ನಮ್ಮ ಅಮ್ಮಂದಿರೆಲ್ಲ ಇಲ್ಲೇ ಮೊಟ್ಟೆಯಿಟ್ಟರು ಕಣೇ. ನೀನೂ ಇಲ್ಲೇ ಹುಟ್ಟಿದವಳು."

"ಹುಟ್ಟಿದ್ದೆನೇನೋ, ನನಗೆ ನೆನಪಿಲ್ಲ. ನೀವು ಹೋಗಿ," ಎಂದು ಹೊಂಬಾಲಿ ಬಾಲ ಬೀಸಿ ಮುಂದೆ ಸಾಗಿತು.

ದಾರಿ ಕಡಿದಾಯಿತು. ಬೆಟ್ಟಗಳು ಎರಡೂ ಕಡೆಯಿಂದ ಒತ್ತಿಕೊಂಡು ಬಂದವು. ಆದರೂ ಹೊಂಬಾಲಿ ಹಟ ಬಿಡಲಿಲ್ಲ. ದೇವಪ್ರಯಾಗ ಮುಟ್ಟಿದಾಗ ಅದರ ಕಣ್ಣು ಅರಳಿತು. ಎಡಗಡೆ ಗೋಮುಖದ ಹಿಮದಿಂದ ಇಳಿದ ಭಾಗೀರಥಿ ನೊರೆ ಕಾರುತ್ತ, ಗದ್ದಲ ಮಾಡುತ್ತ ಬರುತ್ತಿತ್ತು. ಬಲಗಡೆ ಬದರಿಯ ಶಿಖರಗಳಿಂದ ಇಳಿದ ಅಲಕನಂದಾ ಮಾತಿಲ್ಲದೆ, ಆಳವಾಗಿ ಬರುತ್ತಿತ್ತು. ಎರಡೂ ಕೂಡಿದ ಮೇಲೆಯೇ ಗಂಗೆ ಎಂಬ ಹೆಸರು.

"ಇದಪ್ಪಾ ನನಗೆ ತಕ್ಕ ಜಾಗ!" ಎಂದು ಹೊಂಬಾಲಿ ಭಾಗೀರಥಿಯೊಳಗೆ ನುಗ್ಗಿತು.

ಭಾಗೀರಥಿ ಅದನ್ನು ಎತ್ತಿ ಬಂಡೆಗೆ ಅಪ್ಪಳಿಸಿತು. ಹೊಳೆಯುವ ಹುರುಪೆಗಳು ಉದುರಿಹೋದವು. ಉರಿಯುವ ಮೈ ಹೊತ್ತು ಹೊಂಬಾಲಿ ಅಲಕನಂದೆಯ ಕಡೆಗೆ ಸರಿಯಿತು. ಅಲ್ಲಿ ನೀರು ಮೈಕೊರೆಯುವಷ್ಟು ತಣ್ಣಗಿತ್ತು. ಕಿವಿರಿನ ತುಂಬ ಕಲ್ಲಿನ ಪುಡಿ. ಹೊಟ್ಟೆಯಲ್ಲಿ ಮೊಟ್ಟೆಗಳು ಭಾರವಾಗಿದ್ದವು. ಒಂದು ಬಂಡೆಯ ಮರೆಯಲ್ಲಿ ನಡುಗುತ್ತ ನಿಂತಿತು.

ಆ ಬಂಡೆಗೆ ಬಾಯಿ ಅಂಟಿಸಿಕೊಂಡು ಪಾಚಿ ಮೇಯುತ್ತಿದ್ದ ಮೀನೊಂದು ತಿರುಗಿ ನೋಡಿತು. ಅದು ಚಳಿನೀರಿನ ಅಸೇಲಾ ಜಾತಿಯದು. ಹೆಸರು ತಣ್ಣಪ್ಪ.

"ಏನಮ್ಮಾ, ಇತ್ತ ಕಡೆ ಯಾಕೆ ಬಂದೆ?"

"ಮೊಟ್ಟೆಯಿಡೋಕೆ," ಎಂದಿತು ಹೊಂಬಾಲಿ ಮೆಲ್ಲಗೆ.

"ಇಲ್ಲಿಯಾ? ಇದು ಹಿಮ ಕರಗಿದ ನೀರಮ್ಮ. ನಮಗೆ ಹಿತ, ನಿಮ್ಮ ಜಾತಿಗೆ ಆಗಿಬರೋದಿಲ್ಲ. ನಿನ್ನ ಮೊಟ್ಟೆ ಒಡೆಯೋದೇ ಇಲ್ಲ, ಮರಳಡಿ ಹೂತುಹೋಗುತ್ತೆ. ಮಳೆನೀರು ಹರಿಯೋ ಬೆಚ್ಚಗಿನ ಹೊಳೆ ಯಾವುದೂ ಗೊತ್ತಿಲ್ಲವೇ?"

ಹೊಂಬಾಲಿ ಬಂದ ದಾರಿಯತ್ತ ನೋಡಿತು. "ಗೊತ್ತು. ಅದನ್ನು ಚರಂಡಿ ಅಂದು ಬಂದೆ. ಈಗ ಯಾವ ಮುಖ ಹೊತ್ತು ಹಿಂದೆ ಹೋಗಲಿ?"

"ಮುಖದ ಚಿಂತೆ ಆಮೇಲೆ ಮಾಡು. ಮೊದಲು ಹೊಟ್ಟೆಯಲ್ಲಿರೋದನ್ನ ನೋಡಿಕೋ. ನಯಾರ್ ತಾನೇ? ಇಳಿಯುವಾಗ ಅದು ಎಡಗಡೆ ಸಿಗುತ್ತೆ, ಎಡದಂಡೆ ಬಿಡಬೇಡ. ನಡುನೀರಿಗೆ ಬಿದ್ದರೆ ಸೀದಾ ಹರಿದ್ವಾರ!"

ಹೊಂಬಾಲಿ ತಿರುಗಿತು. ಬರುವಾಗ ಹತ್ತಿದ ದಾರಿಯಲ್ಲಿ ಈಗ ಪ್ರವಾಹವೇ ಹಿಂದಿನಿಂದ ದೂಡುತ್ತಿತ್ತು. ಬಂಡೆಗಳು ಸರ್ರನೆ ಹಿಂದೆ ಸರಿದವು. ನೀರು ಮತ್ತೆ ಮತ್ತೆ ನಡುವಿಗೆ ಎಳೆಯಿತು, ಹೊಂಬಾಲಿ ಮತ್ತೆ ಮತ್ತೆ ದಂಡೆಗೆ ಅಂಟಿತು. ಕಣ್ಣಿಗೆ ಏನೂ ಕಾಣದಂಥ ಬಗ್ಗಡ. ಮೀಸೆಯನ್ನೇ ಮುಂದೆ ಚಾಚಿ ತಡಕಾಡುತ್ತ ಬಂತು.

ಇದ್ದಕ್ಕಿದ್ದಂತೆ ಕೆನ್ನೆಗೆ ಬೆಚ್ಚಗಿನ ನೀರಿನ ಎಳೆಯೊಂದು ತಾಗಿತು. ಮಣ್ಣಿನ ರುಚಿ, ಎಲೆಯ ವಾಸನೆ.

"ನಯಾರ್!"

ಉಳಿದ ಬಲವನ್ನೆಲ್ಲ ಬಾಲಕ್ಕೆ ತಂದು ಹೊಂಬಾಲಿ ಅಡ್ಡಕ್ಕೆ ಹೊಡೆಯಿತು. ಪ್ರವಾಹ ಎಳೆದೇ ಎಳೆಯಿತು. ಕೊನೆಗೆ ಹೊಟ್ಟೆಗೆ ಬೆಣಚುಕಲ್ಲು ತರಚಿತು, ಕೆಂಪು ನೀರು ಮೈಯನ್ನು ಸುತ್ತಿಕೊಂಡಿತು. ಚಳಿ ಬಿಟ್ಟುಹೋಯಿತು.

ಮೇಲಿನ ಮಡುವಿನಲ್ಲಿ ಬಳಗವೆಲ್ಲ ಇತ್ತು. ಹೊಂಬಾಲಿ ತಲೆ ತಗ್ಗಿಸಿ ಮೂಲೆಯಲ್ಲಿ ನಿಂತಿತು. ಯಾರೋ ನಗಲು ಹೊರಟರು. ಮೀಸೆ ಚಿಕ್ಕಮ್ಮ ಒಮ್ಮೆ ಅವರತ್ತ ನೋಡಿದಳು ಅಷ್ಟೇ.

"ಇಲ್ಲಿ ಬಾ. ಈ ಜಲ್ಲಿಕಲ್ಲಿನ ಮೇಲೆ ಇನ್ನೂ ಜಾಗವಿದೆ," ಎಂದು ಪಕ್ಕಕ್ಕೆ ಸರಿದಳು. ಹೊಂಬಾಲಿ ಅಲ್ಲಿ ಮೊಟ್ಟೆಯಿಟ್ಟ ಮೇಲೆ ಮೆಲ್ಲಗೆ ಕೇಳಿದಳು: "ಸಂಗಮ ಹೇಗಿತ್ತೇ?"

"ತುಂಬ ಚೆನ್ನಾಗಿತ್ತು ಚಿಕ್ಕಮ್ಮ, ನೋಡೋಕೆ," ಎಂದಿತು ಹೊಂಬಾಲಿ. ಇಬ್ಬರೂ ಗುಳುಗುಳು ನಕ್ಕರು.

ಕೆಲವು ದಿನಗಳಲ್ಲಿ ಮೊಟ್ಟೆಗಳು ಒಡೆದವು. ನಯಾರ್‌ನ ಅಂಚಿನ ಬಿಸಿಲುನೀರಿನಲ್ಲಿ, ಹಸುವಿನ ಗೊರಸು ಮೂಡಿದ ಗುಳಿಗಳಲ್ಲೂ, ಅಕ್ಕಿಕಾಳಿನಂಥ ಮರಿಗಳು ಪುಳಪುಳ ಓಡಾಡಿದವು. ಬಳಗದವರೆಲ್ಲ ಗಂಗೆಗೆ ಮರಳಲು ಸಿದ್ಧರಾದರು. ಹೊಂಬಾಲಿ ಮಾತ್ರ, "ನೀವು ಮುಂದೆ ಹೋಗಿ, ನಾನು ಇನ್ನೊಂದಿಷ್ಟು ದಿನ ಇಲ್ಲೇ ಇದ್ದು ಬರುತ್ತೇನೆ," ಎಂದು ಮರಿಗಳನ್ನೇ ನೋಡುತ್ತ ನಿಂತಿತು.

ನೀತಿ: ಹಿರಿಮೆ ನೋಡಿ ಜಾಗ ಆರಿಸಬಾರದು; ನಮ್ಮ ಕೆಲಸಕ್ಕೆ ಒದಗುವುದು ಚಿಕ್ಕದಾದರೂ ಅದೇ ನಮಗೆ ದೊಡ್ಡದು.