ಎಂಜಲವ್ವನ ಗುಡ್ಡ

ಹಿರೇಕೊಳ್ಳದ ಕೆರೆಯ ಏರಿಯ ಮೇಲೆ ನಿಂತು ಪಡುವಣಕ್ಕೆ ಮುಖ ಮಾಡಿದರೆ, ಬಂಡೆಯ ಮೇಲೆ ಬಂಡೆ ಪೇರಿಸಿಟ್ಟಂತಿರುವ ಒಂದು ಬೋಳು ಗುಡ್ಡ ಕಾಣುತ್ತದೆ. ಅದರ ನೆತ್ತಿಯಲ್ಲಿ ಪಾಳೆಯಗಾರರ ಕಾಲದ ಮುರುಕು ಬುರುಜು, ನಡುವೆ ಎಂಜಲವ್ವನನ್ನು ಪೂಜಿಸುವ ಒಂದು ಕಲ್ಲುಮಂಟಪ, ಬುಡದಲ್ಲಿ ಕರಡಿಗಳಿರುವ ಗವಿಗಳು. ಭಾನುವಾರ ಬಂತೆಂದರೆ ಹೊಸಪೇಟೆ, ಬಳ್ಳಾರಿ ಕಡೆಯಿಂದ ಕಾರು ಟೆಂಪೋಗಳಲ್ಲಿ ಜನ ಬರುತ್ತಾರೆ. ಬೆಳಿಗ್ಗೆ ಕೋಟೆ ಹತ್ತಿ ಫೋಟೋ ತೆಗೆದುಕೊಳ್ಳುತ್ತಾರೆ. ಮಧ್ಯಾಹ್ನ ಇಳಿದು ಬಂದು ಊರ ಹೆಂಗಸರ ಖಾನಾವಳಿಯಲ್ಲಿ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಮಡಿಕೆ ಕಾಳಿನ ಪಲ್ಯ, ಗುರೆಳ್ಳು ಚಟ್ನಿ ತಿಂದು ಮಜ್ಜಿಗೆ ಕುಡಿಯುತ್ತಾರೆ. ಇಳಿಹೊತ್ತಿಗೆ ಏರಿಯ ಮೇಲೆ ಕೂತು ಕರಡಿಗಳು ಗವಿಯಿಂದ ಹೊರಬರುವುದನ್ನು ಕಾಯುತ್ತಾರೆ. ಆಮೇಲೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಅಲ್ರೀ, ದೇವರಿಗೆ ಯಾರಾದ್ರೂ ಎಂಜಲವ್ವ ಅಂತ ಹೆಸರಿಡ್ತಾರೇನ್ರೀ?" ಈ ಪ್ರಶ್ನೆಗೆ ನಾಚಿ ನಮ್ಮವರೇ ಕೆಲವರು ಗುಡ್ಡದ ಬುಡದಲ್ಲಿ 'ಶ್ರೀ ಅನ್ನಪೂರ್ಣೇಶ್ವರಿ ಬೆಟ್ಟ' ಎಂದು ಬೋರ್ಡು ಹಾಕಿಸಿದ್ದಾರೆ. ಹಾಕಿಸಿಕೊಳ್ಳಲಿ. ಬೋರ್ಡು ಓದಿ ಯಾರೂ ಆ ಹೆಸರಿನಿಂದ ಕರೆದದ್ದನ್ನು ನಾನು ಕೇಳಿಲ್ಲ.

ನಾನು ಕೇಳಿದ್ದನ್ನೆಲ್ಲ ನಂಬುವ ಮನುಷ್ಯನಲ್ಲ. ಈ ಸೀಮೆಯ ಪ್ರತಿ ಬಂಡೆಯ ಮೇಲೂ ಯಾರೋ ಒಬ್ಬ ಮಹಾಪುರುಷ ಕೂತು ಹೋದನೆಂದು ಹೇಳುವವರಿದ್ದಾರೆ. ಅಷ್ಟು ಜನ ಮಹಾಪುರುಷರಿಗೆ ಬೇರೆ ಕೆಲಸವಿರಲಿಲ್ಲವೇ ಎಂದು ನಾನು ಕೇಳುತ್ತೇನೆ. ಆದರೆ ಎಂಜಲವ್ವನ ಕಥೆಯನ್ನು ನಂಬುತ್ತೇನೆ. ಏಕೆಂದರೆ ಇದರಲ್ಲಿ ನಮ್ಮ ಊರಿಗೆ ಮರ್ಯಾದೆ ತರುವಂಥದ್ದು ಏನೂ ಇಲ್ಲ. ಸುಳ್ಳು ಕಟ್ಟುವವರು ತಮ್ಮನ್ನು ಹೊಗಳಿಕೊಂಡು ಕಟ್ಟುತ್ತಾರೆ.

ಹಿಂದೆ ಒಮ್ಮೆ ಈ ಸೀಮೆಯನ್ನು ಕಾಟಯ್ಯ ನಾಯಕನೆಂಬ ಪಾಳೆಯಗಾರ ಆಳುತ್ತಿದ್ದನಂತೆ. ಅವನ ತಂದೆ ನೆಂಟರ ಮದುವೆಯೊಂದರಲ್ಲಿ ಉಂಡು ಕೈ ತೊಳೆದವನು ಅಲ್ಲಿಯೇ ಒರಗಿ ಸತ್ತಿದ್ದ. ವಿಷವೋ, ವಯಸ್ಸೋ, ಯಾರಿಗೆ ಗೊತ್ತು? ಮಗನಿಗೆ ಮಾತ್ರ ಅಂದಿನಿಂದ ಹಗ್ಗವೂ ಹಾವೇ ಆಯಿತು. ಓಬಯ್ಯನೆಂಬ ಆಳು ಎಲೆಯಿಂದ ಒಂದು ತುತ್ತು ತಿಂದು ತೋರಿಸದೆ ಅವನು ಅರಮನೆಯ ಗಂಜಿಯನ್ನೂ ಮುಟ್ಟುತ್ತಿರಲಿಲ್ಲ. ಪಾಪ, ದೊರೆಯಾಗಿ ಹುಟ್ಟಿ ದಿನವೂ ಎಂಜಲು ಉಣ್ಣುವ ಹಣೆಬರಹ ಎಂದು ಜನ ಮರೆಯಲ್ಲಿ ಆಡಿಕೊಳ್ಳುತ್ತಿದ್ದರು. ಅಂಥವನು ಒಂದು ದಿನ, ಹಿರೇಕೊಳ್ಳದ ಕೋಟೆಯನ್ನು ನೋಡಬೇಕು, ಅಲ್ಲಿಯ ಕರಡಿಗಳನ್ನು ನೋಡಬೇಕು, ಆ ಊರಿನ ಸಜ್ಜೆ ರೊಟ್ಟಿ ಬಹಳ ರುಚಿಯಂತೆ, ಅದನ್ನೂ ಉಣ್ಣಬೇಕು, ಸಂಜೆಗೆ ಹಿಂದಿರುಗುತ್ತೇನೆ ಎಂದು ಹೇಳಿಕಳುಹಿಸಿದ. ಓಬಯ್ಯ ಜ್ವರ ಬಂದು ಮಲಗಿದ್ದರಿಂದ ಅವನನ್ನು ಬಿಟ್ಟು, ಈಟಿ ಹಿಡಿದ ಆಳುಗಳೊಂದಿಗೆ ಹೊರಟ.

ಊರಿನವರಿಗೂ ಇದು ಸರಿಕಾಣಲಿಲ್ಲ. ಕರಡಿ ನೋಡಲು ಯಾವ ದೊರೆ ಈಟಿಯವರನ್ನು ಕಟ್ಟಿಕೊಂಡು ಬರುತ್ತಾನೆ? ನಮ್ಮ ಮೇಲೆ ಏನೋ ಚಾಡಿ ಹೋಗಿದೆ ಎಂದು ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡವರಂತೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಅಡುಗೆಯ ಹೊಣೆಯನ್ನು ಸಂಕವ್ವನ ಮೇಲೆ ಹೊರಿಸಿದರು. ಅವಳು ಕೋಟೆಯ ಕಾವಲುಗಾರ ದುರುಗಪ್ಪನ ಹೆಂಡತಿ. ಆ ದಾರಿಯಲ್ಲಿ ನಡೆದ ಯಾವ ಪರಸ್ಥಳದವನೂ ಅವಳ ಕೈಯಲ್ಲಿ ಉಣ್ಣದೆ ಮುಂದೆ ಹೋದದ್ದಿಲ್ಲವಂತೆ. ಬಂದವರು ಉಂಡೆದ್ದ ಮೇಲೆಯೇ ತಾನು ಉಣ್ಣುವುದು, ಬಡಿಸುವ ಮೊದಲು ಉಪ್ಪು ನೋಡಲಿಕ್ಕೂ ನಾಲಿಗೆಗೆ ಮುಟ್ಟಿಸದಿರುವುದು ಅವಳ ನೇಮ. ಅತ್ತೆ ಸಾಯುವಾಗ ಕೈಮೇಲೆ ಕೈ ಇಡಿಸಿಕೊಂಡು ಮಾತು ತೆಗೆದುಕೊಂಡಿದ್ದಳು: ಅತಿಥಿಗೆ ಎಂಜಲಿಕ್ಕಿದ ದಿನ ಈ ಮನೆಯ ಒಲೆ ಆರುತ್ತದೆ ಎಂದು.

ನಾಯಕ ಕೋಟೆ ನೋಡಿ ಇಳಿದು ಮಂಟಪದಲ್ಲಿ ಕುಳಿತ. ಮುತ್ತುಗದ ಎಲೆ ಹಾಸಿ ಸಂಕವ್ವ ಬಡಿಸಿದಳು. ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಕರಗುತ್ತಿತ್ತು. ನಾಯಕ ಕೈ ಮುಂದೆ ಮಾಡಿದವನು ಹಿಂದೆಗೆದುಕೊಂಡ.

"ಮೊದಲು ನೀ ತಿನ್ನು" ಎಂದ.

"ಗಡಿಗೆಯೊಳಗಿಂದು ಬ್ಯಾರೆ ಎಲಿಗೆ ಹಾಕ್ಕೊಂಡು ತಿಂತೀನಿ, ದೊರೀ."

"ವಿಷ ಈ ಎಲೆಯೊಳಗಿದ್ದರೆ? ಇದರಲ್ಲೇ ತಿನ್ನು."

"ಇದನ್ನ ನಾ ತಿಂದು, ನಿಮಗೆ ಹೊಸ ಎಲಿ ಹಾಕ್ತೀನಿ."

"ವಿಷ ಹೊಸ ಎಲೆಯೊಳಗಿದ್ದರೆ? ಈ ರೊಟ್ಟಿಯಲ್ಲಿ ಅರ್ಧ ನೀ ತಿನ್ನು, ಉಳಿದರ್ಧ ನಾ ತಿಂತೀನಿ."

"ಅದೊಂದು ಕೇಳಬ್ಯಾಡ್ರಿ" ಎಂದು ಸಂಕವ್ವ ಕೈಮುಗಿದಳು. "ಎಂಜಲಾ ನಿಮ್ಮ ಎಲಿಗೆ ಹಾಕಲಾರೆ."

ಅತಿಥಿಯ ಮೇಲಿನ ಭಕ್ತಿಯಿಂದಲೇ ಅವಳು ಒಲ್ಲೆ ಎಂದಳು. ಒಲ್ಲೆ ಎಂದದ್ದೇ ನಾಯಕನಿಗೆ ಸಾಕ್ಷಿಯಾಯಿತು. ಸಂಶಯದ ಮನುಷ್ಯನ ಎದುರು ಒಳ್ಳೆಯತನ ಎಂಥ ಕೆಟ್ಟ ಸಾಕ್ಷಿ, ನೋಡಿ! ಅವನು ದುರುಗಪ್ಪನನ್ನು ಹಿಡಿದು ತರಿಸಿ, ಕೈಕಟ್ಟಿ, ಮಂಟಪದ ಮುಂದಿನ ಬಂಡೆಯ ಅಂಚಿನಲ್ಲಿ ನಿಲ್ಲಿಸಿದ. ಕೆಳಗೆ ಆಳವಾದ ಕೊಳ್ಳ. "ಇವಳು ತಿನ್ನದಿದ್ದರೆ ಇವನನ್ನು ನೂಕಿರಿ" ಎಂದ. ಊರ ಹಿರಿಯರು ಸಂಕವ್ವನ ಕಾಲಿಗೇ ಬಿದ್ದರು. "ಒಂದು ತುತ್ತು ತಿಂದುಬಿಡವ್ವಾ, ತಾಯೀ, ನಿನ್ನ ಗಂಡನ ಮುಖ ನೋಡು" ಎಂದರು. ಅವಳು ನೋಡಿದಳು. ನೋಡಿ, ಅಳುತ್ತಲೇ ರೊಟ್ಟಿ ಮುರಿದು, ಎಲ್ಲ ಪಲ್ಯಗಳಲ್ಲೂ ಅದ್ದಿ, ಅರ್ಧವನ್ನು ತಿಂದಳು. ಉಳಿದರ್ಧವನ್ನು ಎಲೆಯಲ್ಲಿಟ್ಟು ಮುಂದೆ ಸರಿಸಿದಳು. "ಉಣ್ರಿ ದೊರೀ. ನನ್ನ ನೇಮ ಹೋತು. ನಿಮ್ಮ ಹೊಟ್ಟಿಯಾದ್ರೂ ತುಂಬಲಿ."

ನಾಯಕ ಉಣ್ಣಲಿಲ್ಲ. ನಿಧಾನವಾಗಿ ಏರುವ ವಿಷಗಳೂ ಇವೆಯಲ್ಲ, ನೋಡೋಣ ಎಂದು ಅವಳನ್ನು ಎದುರಿಗೆ ಕೂರಿಸಿಕೊಂಡು ಕಾದ. ಬಿಸಿಲು ಇಳಿಯಿತು. ಗವಿಗಳಿಂದ ಕರಡಿಗಳು ಒಂದೊಂದಾಗಿ ಹೊರಬಂದವು. ತಾಯಿಕರಡಿಯೊಂದು ಮರಿಗಳನ್ನು ಬೆನ್ನ ಮೇಲೆ ಹೊತ್ತು ಬಂಡೆ ದಾಟಿತು. ಅದನ್ನು ನೋಡಲೆಂದೇ ಬಂದವನು ಅತ್ತ ತಿರುಗಲಿಲ್ಲ. ಸೂರ್ಯ ಮುಳುಗುವಾಗಲೂ ಸಂಕವ್ವ ನೆಟ್ಟಗೆ ಕೂತಿದ್ದಳು. ನಾಯಕ ಮುಖ ಗಂಟಿಕ್ಕಿಕೊಂಡು ಎದ್ದು, ದುರುಗಪ್ಪನ ಕಟ್ಟು ಬಿಚ್ಚಿಸಿ, ಹಸಿದುಕೊಂಡೇ ಕುದುರೆ ಹತ್ತಿ ಹೋದ. ಮುಂದೆ ಅವನೇನಾದನೋ ನನಗೆ ಬೇಡ. ಕಥೆ ಅವನದಲ್ಲ.

ಜನ ಉಸ್ಸಪ್ಪಾ ಎಂದರು. ಸಂಕವ್ವನಿಗೂ ಸಂತೋಷವಾಯಿತು. ಗಂಡ ಉಳಿದನಲ್ಲ, ಇನ್ನೇನು ಬೇಕು? ಬೆಳಗಿನಿಂದ ಏನೂ ತಿನ್ನದೆ ನಿಂತವನಿಗೆ ಅವಳು ಆ ಉಳಿದರ್ಧ ರೊಟ್ಟಿಯನ್ನು ಎತ್ತಿ ಕೊಟ್ಟಳು. "ನೀನಾದ್ರೂ ಉಣ್ಣು. ಅನ್ನ ಕೆಡಬಾರದು." ದುರುಗಪ್ಪ ರೊಟ್ಟಿ ತೆಗೆದುಕೊಂಡ. ಬಾಯಿಯ ತನಕ ಒಯ್ದ. ಅಲ್ಲಿ ಅವನ ಕೈ ನಿಂತಿತು. ಕಣ್ಣು ಒಂದು ಸಲ ಹೆಂಡತಿಯ ಗಂಟಲ ಮೇಲೆ ಹೋಗಿ ಬಂತು. ಆಮೇಲೆ ತಿಂದ, ಪೂರಾ ತಿಂದ. ಹೆಂಡತಿಯ ಎಂಜಲೆಂದು ಹೇಸಿದನಷ್ಟೇ ಎಂದು ಅವನ ವಂಶದವರು ಇಂದಿಗೂ ವಾದಿಸುತ್ತಾರೆ. ನಾನು ನಂಬುವುದಿಲ್ಲ. ಸಂಕವ್ವನೂ ನಂಬಲಿಲ್ಲ. ಅವಳು ಸುತ್ತಲೂ ನೋಡಿದಳು. ತಾನು ಉಣ್ಣಿಸಿ ಬೆಳೆಸಿದ ಊರೆಲ್ಲ ಮಧ್ಯಾಹ್ನದಿಂದ ಎಲ್ಲಿಗೆ ಕಣ್ಣು ನೆಟ್ಟು ನಿಂತಿತ್ತೆಂದು ಅವಳಿಗೆ ಆಗ ತಿಳಿಯಿತು.

"ನೀನೂನಾ?" ಎಂದಳಂತೆ. ಅಷ್ಟೇ. ಗಂಡ "ಏ, ಇಲ್ಲ ಮಾರಾಯ್ತಿ, ಬಾ ಮನೀಗೆ" ಎಂದು ಕರೆಯುತ್ತಲೇ ಇದ್ದ. ಅವಳು ಮಂಟಪದಿಂದ ಇಳಿಯಲಿಲ್ಲ. ಮನೆಯ ಒಲೆ ಆರಿತು. ಅವನು ದಿನವೂ ಪಕ್ಕದ ಮನೆಯಿಂದ ರೊಟ್ಟಿ ಬೇಡಿ, ಗುಡ್ಡ ಹತ್ತಿ ತರುತ್ತಿದ್ದ. ಅವಳು ಬೈಯುತ್ತಿರಲಿಲ್ಲ, ಅಳುತ್ತಿರಲಿಲ್ಲ. ಕೈಯೊಡ್ಡುವ ಮೊದಲು ಒಂದೇ ಮಾತು ಹೇಳುತ್ತಿದ್ದಳು: "ಮೊದಲು ನೀ ತಿನ್ನು." ಯಾರು ತಂದರೂ ಅದೇ ಮಾತು. ಸಾಯುವವರೆಗೆ ಕಚ್ಚಿ ಕೊಡದ ಅನ್ನವನ್ನು ಮುಟ್ಟಲಿಲ್ಲ ಎನ್ನುತ್ತಾರೆ. ಸತ್ತ ಮೇಲೆ ಊರವರು ಕಲ್ಲು ನೆಟ್ಟು, ಕುಂಕುಮ ಹಚ್ಚಿ, ಅವ್ವಾ ಎಂದರು. ಸತ್ತವರನ್ನು ದೇವರು ಮಾಡುವುದರಲ್ಲಿ ನಮ್ಮ ಜನ ಎತ್ತಿದ ಕೈ!

ಇಂದಿಗೂ ಮಂಟಪಕ್ಕೆ ಹೋದವರು ನೋಡಬಹುದು. ಬೇರೆ ಗುಡಿಗಳಲ್ಲಿ ನೈವೇದ್ಯವನ್ನು ಮೂಸಿದರೂ ಮೈಲಿಗೆ. ಇಲ್ಲಿ ಕಚ್ಚದ ಹೋಳಿಗೆಯನ್ನು, ಚೂರು ಮುರಿಯದ ರೊಟ್ಟಿಯನ್ನು ಪೂಜಾರಿ ಮುಟ್ಟುವುದಿಲ್ಲ. ಪರಸ್ಥಳದವರು ನಕ್ಕು, ಫೋನಿನಲ್ಲಿ ವಿಡಿಯೋ ಹಿಡಿಯುತ್ತಾ, ಒಂದು ತುಂಡು ಬಾಯಿಗೆ ಹಾಕಿಕೊಂಡು ಉಳಿದದ್ದನ್ನು ಮುಂದೆ ಚಾಚುತ್ತಾರೆ. ಪೂಜಾರಿ ಕೂಡಲೇ ಕೈಯೊಡ್ಡುವುದಿಲ್ಲ. ಅವ್ವನಿಗೆ ನಾವಿನ್ನೂ ನಂಬಿಕಸ್ಥರಾಗಿಲ್ಲ. ನೀವು ನುಂಗುವ ತನಕ ಅವನು ನಿಮ್ಮ ಗಂಟಲನ್ನೇ ನೋಡುತ್ತ ನಿಂತಿರುತ್ತಾನೆ.